ವಾಡಿಕೆ ಮಳೆ ಅಂದರೆ ಯಾರ ವಾಡಿಕೆ?

ಮುಂಗಾರು ಶುರುವಾದ ಮೇಲೆ ಪೇಪರಿನಲ್ಲಿ ಒಂದು ಸಾಲು ಬಂದೇ ಬರುತ್ತೆ: 'ವಾಡಿಕೆಗಿಂತ ಇಷ್ಟು ಪರ್ಸೆಂಟ್ ಕಡಿಮೆ ಮಳೆ'. ಕ್ಯಾಂಪಸ್‌ನಲ್ಲಿ ಕೂತು ಓದೋರಿಗೆ ಅದು ಒಂದು ನಂಬರ್ ಅಷ್ಟೇ. ಬಂಕಾಪುರ, ಶಿಗ್ಗಾವಿ, ಹಾನಗಲ್, ಸವಣೂರು ಕಡೆಯಿಂದ ಬಂದ ನಮ್ಮಂಥವರ ಮನೆಯಲ್ಲಿ ಅದು ಬರೀ ನಂಬರ್ ಅಲ್ಲ. ಮಿರಗದ ಮಳೆ ನಂಬಿ ಗೋವಿನಜೋಳ ಬಿತ್ತಿದವರು, ಬೀಜ ಗೊಬ್ಬರಕ್ಕೆ ಸಾಲ ಮಾಡಿದವರು ಆ ಪರ್ಸೆಂಟನ್ನು ಬೇರೆ ಥರಾ ಓದುತ್ತಾರೆ. ಯಾಕಂದ್ರೆ ತಾಲ್ಲೂಕನ್ನು ಬರಪೀಡಿತ ಅಂತ ಘೋಷಿಸಬೇಕೋ ಬೇಡವೋ ಅನ್ನೋ ಲೆಕ್ಕ ಶುರುವಾಗೋದೇ ಅಲ್ಲಿಂದ. ವಾಡಿಕೆಗಿಂತ 20 ಪರ್ಸೆಂಟ್ ಕಡಿಮೆಯಾದರೆ 'ಕೊರತೆ', 60 ಪರ್ಸೆಂಟ್ ಕಡಿಮೆಯಾದರೆ 'ತೀವ್ರ ಕೊರತೆ'. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದಾಗಲೂ ಕೇಳಿದ ಮೊದಲ ಪ್ರಶ್ನೆ ಇದೇ, ವಾಡಿಕೆಗಿಂತ ಎಷ್ಟು ಕಮ್ಮಿ?

ಸರಿ, ಈ ವಾಡಿಕೆ ಎಲ್ಲಿಂದ ಬಂತು? ಹವಾಮಾನ ಇಲಾಖೆ ಈಗ ಇಡೀ ದೇಶದ ಮುಂಗಾರಿಗೆ ಬಳಸುವ ಸರಾಸರಿ 1971ರಿಂದ 2020ರವರೆಗಿನ ಐವತ್ತು ವರ್ಷದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 87 ಸೆಂಟಿಮೀಟರ್. ಐವತ್ತು ವರ್ಷ ಅಂದ್ರೆ ನಮ್ಮ ಅಪ್ಪನ ವಯಸ್ಸು. ಅಪ್ಪ ಹುಟ್ಟಿದಾಗಿಂದ ಬಿದ್ದ ಮಳೆಯ ಆವರೇಜ್ ತೆಗೆದು 'ಇದೇ ಈ ನೆಲದ ಸಹಜ ಮಳೆ' ಅಂತ ಹೇಳಿದ ಹಾಗಾಯಿತು. ಆ ಐವತ್ತು ವರ್ಷವೇ ಅಸಹಜವಾಗಿದ್ದರೆ? ಹೆಚ್ಚು ಮಳೆಯಾದ ಕಾಲ ಅದಾಗಿದ್ದರೆ, ಅಥವಾ ಕಮ್ಮಿಯಾದ ಕಾಲವಾಗಿದ್ದರೆ, ಗೊತ್ತಾಗೋದು ಹೇಗೆ?

ಇದು ರೈತರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆ ಅಲ್ಲ, ನಮ್ಮದೂ ಹೌದು. ನಮ್ಮ ಸಿವಿಲ್ ಸೀನಿಯರ್‌ಗಳು ಹೈಡ್ರಾಲಜಿಯಲ್ಲಿ 'ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ' ಅಂತ ಲೆಕ್ಕ ಹಾಕುತ್ತಾರೆ. ಕೈಯಲ್ಲಿರುವ ದಾಖಲೆ ಮೂವತ್ತು, ನಲವತ್ತು ವರ್ಷದ್ದು. ಅದನ್ನು ಗ್ರಾಫ್‌ನಲ್ಲಿ ಎಳೆದು ಉದ್ದ ಮಾಡಿ ನೂರಕ್ಕೆ ಮುಟ್ಟಿಸೋದು. ಸೇತುವೆ, ಕೆರೆ ಕೋಡಿ, ರಸ್ತೆ ಕೆಳಗಿನ ಮೋರಿ ಎಲ್ಲ ಆ ಎಳೆದ ಗೆರೆಯ ಮೇಲೆ ನಿಂತಿವೆ. 2019ರಲ್ಲಿ ವರದಾ ನದಿ ಹೊಲಗಳಿಗೆ ನುಗ್ಗಿದಾಗ 'ಹಿಂಗೆ ಯಾವತ್ತೂ ಆಗಿರಲಿಲ್ಲ' ಅಂತ ಎಲ್ಲರೂ ಅಂದರು. ಯಾವತ್ತೂ ಅಂದರೆ ಎಷ್ಟು ವರ್ಷ? ಊರಿನ ಹಿರಿಯರನ್ನು ಕೇಳಿದರೆ ಅವರ ನೆನಪು ಎಪ್ಪತ್ತೆರಡರ ಬರದ ಹತ್ತಿರ ಹೋಗಿ ನಿಲ್ಲುತ್ತೆ. 'ಎಪ್ಪತ್ತೆರಡರ ಬರಾ ನೀವೆಲ್ಲಿ ನೋಡೀರೋ ತಮ್ಮಾ' ಅಂತ ಶುರು ಮಾಡಿದರೆ ಅರ್ಧ ದಿನ ಹೇಳುತ್ತಾರೆ. ಅದಕ್ಕೂ ಹಿಂದಿನದು ಬರೀ ಹೆಸರಾಗಿ ಉಳಿದಿದೆ. 1876ರಿಂದ 78ರವರೆಗಿನ ಧಾತು-ಈಶ್ವರ ಬರ, ಅದಕ್ಕೂ ಹಿಂದೆ ತಲೆಬುರುಡೆಯ ಬರ ಎಂದೇ ಹೆಸರಾದ 1791-92ರ ಬರ. ಸಂವತ್ಸರದ ಹೆಸರು ಉಳಿದಿದೆ, ಎಷ್ಟು ಮಳೆ ಬಿತ್ತು ಅನ್ನೋದು ಉಳಿದಿಲ್ಲ.

ಬಂಕಾಪುರಕ್ಕೆ ದಾಖಲೆಯ ಬಡತನ ಇಲ್ಲ ನೋಡಿ. ಅಮೋಘವರ್ಷ ನೃಪತುಂಗನ ಸಾಮಂತ ಬಂಕೇಯನ ಹೆಸರಿನ ಊರು ಇದು. ಕೋಟೆ ಒಳಗಿನ ಅರವತ್ತು ಕಂಬದ ಗುಡಿಗೆ ಹೋದವರಿಗೆ ಗೊತ್ತು, ಕಲ್ಲಿನಲ್ಲಿ ಏನೆಲ್ಲ ಬರೆದಿಟ್ಟಿದ್ದಾರೆ. ಯಾರು ದಾನ ಕೊಟ್ಟರು, ಯಾವ ತಿಥಿ, ಯಾವ ವಾರ, ಎಷ್ಟು ಭೂಮಿ. ಆದರೆ ಆ ವರ್ಷ ಮಳೆ ಹೇಗಿತ್ತು ಅಂತ ಹೇಳೋ ಶಾಸನ ಹುಡುಕಿದರೆ ಕಷ್ಟ. ಅದನ್ನು ಬರೆದಿಟ್ಟುಕೊಂಡು ಬಂದಿರೋದು ಮರಗಳು. ನಾವು ಈ ಲೇಖನ ಬರೆಯೋಕೆ ಕಾರಣ, ಆ ಬರಹವನ್ನು ನಮ್ಮ ಭಾಗದಲ್ಲಿ ದಿನಾ ಗರಗಸಕ್ಕೆ ಕೊಡ್ತಾ ಇದ್ದೇವೆ ಅನ್ನೋ ಸಿಟ್ಟು.

ಮರ ಕೊಯ್ದಾಗ ಕಾಣುವ ಉಂಗುರಗಳ ಬಗ್ಗೆ ಹೈಸ್ಕೂಲ್‌ನಲ್ಲಿ ಓದಿದ್ದೇವೆ, ಒಂದು ಉಂಗುರಕ್ಕೆ ಒಂದು ವರ್ಷ ಅಂತ. ಆದರೆ ನಮ್ಮ ಕಡೆಯ ಎಲ್ಲ ಮರಕ್ಕೂ ಅದು ನಿಜ ಅಲ್ಲ. ಚಳಿದೇಶದಲ್ಲಿ ವರ್ಷಕ್ಕೊಮ್ಮೆ ಮರ ಬೆಳೆಯೋದು ನಿಂತೇ ಹೋಗುತ್ತೆ, ಅದಕ್ಕೆ ಗೆರೆ ಸ್ಪಷ್ಟ. ನಮ್ಮಲ್ಲಿ ಬೇವು, ಮಾವು, ಹುಣಸೆಯಂಥ ಮರಗಳಲ್ಲಿ ಗೆರೆ ಅಷ್ಟು ನೆಚ್ಚಿಕೊಳ್ಳೋ ಹಾಗಿರಲ್ಲ. ಇದಕ್ಕೆ ದೊಡ್ಡ ಅಪವಾದ ತೇಗ, ನಮ್ಮ ಕಡೆ ಹೇಳೋ ಸಾಗವಾನಿ. ಬೇಸಿಗೆ ಬಂತು ಅಂದರೆ ಸಾಗವಾನಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತೆ, ತೊಗಟೆ ಕೆಳಗಿನ ಬೆಳೆಯುವ ಪದರವೂ ಆಗ ಮಲಗಿರುತ್ತೆ. ಮಳೆ ಬಂದು ಚಿಗುರಿದಾಗ ಮೊದಲು ದೊಡ್ಡ ದೊಡ್ಡ ನೀರಿನ ಕೊಳವೆಗಳನ್ನು ಕಟ್ಟುತ್ತೆ, ಆಮೇಲೆ ಸಣ್ಣವು. ಆ ದೊಡ್ಡ ಕೊಳವೆಗಳ ಸಾಲೇ ಹೊಸ ವರ್ಷದ ಗೆರೆ. ಚೆನ್ನಾಗಿ ಉಜ್ಜಿದ ಸಾಗವಾನಿ ತುಂಡಿನಲ್ಲಿ ಬರಿಗಣ್ಣಿಗೇ ಕಾಣುತ್ತೆ. ಮಳೆ ಸರಿಯಾಗಿ ಆದ ವರ್ಷ ಉಂಗುರ ಅಗಲ, ಕೈಕೊಟ್ಟ ವರ್ಷ ಎಳೆಯಷ್ಟು ತೆಳು.

ಇಲ್ಲಿ ಒಂದು ಸೂಕ್ಷ್ಮ ಇದೆ. ಯಾವ ಸಾಗವಾನಿ ಆದರೂ ನಡೆಯಲ್ಲ. ವರ್ಷವಿಡೀ ಬೇರಿಗೆ ನೀರು ಸಿಗುವ ಹಳ್ಳದ ದಂಡೆಯ ಮರಕ್ಕೆ ಒಂದು ವರ್ಷದ ಬರ ತಟ್ಟೋದೇ ಇಲ್ಲ, ಅದರ ಉಂಗುರಗಳೆಲ್ಲ ಒಂದೇ ಅಳತೆ. ಸರಿಯಾಗಿ ಬರೆಯೋದು ಅಂಚಿನ ಮರ. 'ಇನ್ನೊಂದು ಹೆಜ್ಜೆ ಆಚೆ ಹೋದರೆ ನಾನು ಬದುಕಲ್ಲ' ಅನ್ನೋ ಜಾಗದಲ್ಲಿ ನಿಂತ ಮರ. ಜಗತ್ತಿನಲ್ಲಿ ಈ ಅಂಚನ್ನು ಹೆಚ್ಚು ಓದಿರೋದು ಉತ್ತರ ಧ್ರುವದ ಕಡೆ. ಅಲಾಸ್ಕಾ, ಕೆನಡಾ, ಸೈಬೀರಿಯಾಗಳಲ್ಲಿ ಸೂಜಿ ಎಲೆಯ ಮರಗಳ ಕಾಡು ಒಂದು ಕಡೆ ಬಂದು ಮುಗಿದುಹೋಗುತ್ತೆ, ಅದರಾಚೆ ಮರವೇ ಇಲ್ಲದ ಟಂಡ್ರಾ. ಅತಿ ಬೆಚ್ಚಗಿನ ತಿಂಗಳ ಸರಾಸರಿ ಉಷ್ಣತೆ ಸುಮಾರು 10 ಡಿಗ್ರಿ ಇರುವಲ್ಲಿ ಈ ಗಡಿ ಬೀಳುತ್ತೆ. ಅಲ್ಲಿನ ಸ್ಪ್ರೂಸ್, ಲಾರ್ಚ್ ಮರಗಳಿಗೆ ನೀರಿನ ಚಿಂತೆ ಕಮ್ಮಿ, ಬಿಸಿಲಿನದೇ ಚಿಂತೆ. ಬೇಸಿಗೆ ಬೆಚ್ಚಗಿದ್ದರೆ ಅಗಲ ಉಂಗುರ, ತಣ್ಣಗಿದ್ದರೆ ತೆಳು. ಥರ್ಮಾಮೀಟರ್ ಇಲ್ಲದ ಶತಮಾನಗಳ ಬೇಸಿಗೆ ಎಷ್ಟು ಬೆಚ್ಚಗಿತ್ತು ಅಂತ ಲೆಕ್ಕ ಹಾಕಿದ್ದು ಈ ಮರಗಳಿಂದ.

ನಮ್ಮ ಕಡೆ ಅಂಚು ಇರೋದು ಚಳಿಯದಲ್ಲ, ಮಳೆಯದು. ಮುಂಡಗೋಡದ ಕಡೆ ಹೋದರೆ ಸಾಗವಾನಿ ಕಾಡು. ಅಲ್ಲಿಂದ ಪೂರ್ವಕ್ಕೆ ಬರ್ತಾ ಬರ್ತಾ ಹಾನಗಲ್, ಶಿಗ್ಗಾವಿಯ ಪಶ್ಚಿಮದ ಕಡೆ ಕಾಡು ಕುರುಚಲಾಗುತ್ತೆ. ಬಂಕಾಪುರ ದಾಟಿ ಸವಣೂರು ಮುಟ್ಟುವಷ್ಟರಲ್ಲಿ ಬಯಲುಸೀಮೆ. ಬಸ್ಸಿನಲ್ಲಿ ಕೂತು ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಮಲೆನಾಡು ಕರಗಿ ಎರೆಹೊಲ ಆಗೋ ಈ ಪಟ್ಟಿ ಇದೆಯಲ್ಲ, ನಮ್ಮ ಪ್ರಕಾರ ಇದು ಕರ್ನಾಟಕದ ಅತಿ ಮುಖ್ಯ ಮಳೆ ದಾಖಲೆಯ ಜಾಗಗಳಲ್ಲಿ ಒಂದಾಗಬಹುದು. ಅಲಾಸ್ಕಾದ ಕಾಡಂಚಿಗೆ ಹೋಗಿ ನಿಂತ ವಿಜ್ಞಾನಿಗೆ ಚಳಿ ಹೇಗೋ ಇಲ್ಲಿ ಮಳೆ ಹಾಗೆ.

ಇದು ಬರೀ ಆಸೆಯ ಮಾತಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಎಚ್. ಪಿ. ಬೋರಗಾಂವಕರ್ ಮತ್ತು ಸಂಗಡಿಗರು ಕೇರಳದ ತೇಗದ ಮರಗಳಿಂದ 1481ರಿಂದ 2003ರವರೆಗೆ, ಅಂದರೆ 523 ವರ್ಷಗಳ ಉಂಗುರದ ದಾಖಲೆ ಕಟ್ಟಿ 2010ರಲ್ಲಿ ಪ್ರಕಟಿಸಿದರು. ಎಲ್ ನಿನೋ ಬಂದು ಮುಂಗಾರು ಸೋತ ವರ್ಷಗಳು ಅದರಲ್ಲಿ ತೆಳು ಉಂಗುರಗಳಾಗಿ ಕಾಣುತ್ತವೆ. ವಿಜಯನಗರದ ಕಾಲದಲ್ಲಿ ಮೊಳೆತ ಮರ ಮೊನ್ನೆಯವರೆಗೂ ಬರೆಯುತ್ತಿತ್ತು! ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯವರೂ ಪಶ್ಚಿಮ ಘಟ್ಟದ ತೇಗದಲ್ಲಿ ಬರದ ವರ್ಷಗಳನ್ನು ಗುರುತಿಸುವ ಕೆಲಸ ಮಾಡಿದ್ದಾರೆ. ಅದೇ 2010ರಲ್ಲಿ ಎಡ್ವರ್ಡ್ ಕುಕ್ ಮತ್ತು ಸಂಗಡಿಗರು ಏಷ್ಯಾದ ಮುನ್ನೂರಕ್ಕೂ ಹೆಚ್ಚು ಉಂಗುರ ಸರಣಿಗಳನ್ನು ಸೇರಿಸಿ ಮುಂಗಾರು ಏಷ್ಯಾದ ಬರದ ಭೂಪಟ ತಯಾರಿಸಿದರು. ಅದರಲ್ಲಿ 1790ರಿಂದ 96ರ ಬರ ಇದೆ, 1876ರಿಂದ 78ರ ಬರ ಇದೆ. ನಮ್ಮ ಅಜ್ಜಂದಿರು ತಲೆಬುರುಡೆ, ಧಾತು-ಈಶ್ವರ ಅಂತ ಹೆಸರಿಟ್ಟವು ಇವೇ. ಹೆಸರು ಮಾತ್ರ ಉಳಿದಿದ್ದಕ್ಕೆ ಅಳತೆ ಸಿಕ್ಕಿತು.

ಎಂಜಿನಿಯರಿಂಗ್‌ನವರು ಇದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅಂತ ಕೇಳುವವರಿಗೆ ಅಮೆರಿಕದ ಕೊಲರಾಡೊ ನದಿಯ ಕಥೆ ಸಾಕು. 1922ರಲ್ಲಿ ಅಲ್ಲಿನ ರಾಜ್ಯಗಳು ನೀರು ಹಂಚಿಕೊಂಡವು. ಮೇಲಿನ ಭಾಗಕ್ಕೆ ವರ್ಷಕ್ಕೆ 75 ಲಕ್ಷ ಎಕರೆ ಅಡಿ, ಕೆಳಗಿನ ಭಾಗಕ್ಕೆ 75 ಲಕ್ಷ. ಲೆಕ್ಕಕ್ಕೆ ಹಿಡಿದಿದ್ದು ಹಿಂದಿನ ಕೆಲವೇ ವರ್ಷಗಳ ಹರಿವು. 1976ರಲ್ಲಿ ಚಾರ್ಲ್ಸ್ ಸ್ಟಾಕ್ಟನ್ ಮತ್ತು ಗಾರ್ಡನ್ ಜೇಕಬಿ ಮರದ ಉಂಗುರದಿಂದ ಶತಮಾನಗಳ ಹರಿವು ಲೆಕ್ಕ ಹಾಕಿದಾಗ ಸರಾಸರಿ ಬಂದಿದ್ದು ಸುಮಾರು 135 ಲಕ್ಷ. ಒಪ್ಪಂದಕ್ಕೆ ಆಧಾರವಾಗಿದ್ದ ವರ್ಷಗಳು ಅಪರೂಪಕ್ಕೆ ಬಂದ ಮಳೆಗಾಲದವು. ಇಲ್ಲದ ನೀರನ್ನು ಕಾಗದದ ಮೇಲೆ ಹಂಚಿಬಿಟ್ಟಿದ್ದರು, ಇವತ್ತಿಗೂ ಆ ಜಗಳ ಮುಗಿದಿಲ್ಲ. ಮಹದಾಯಿ, ಕಾವೇರಿ, ಕೃಷ್ಣಾ ಅಂತ ಹೋರಾಟ ನೋಡಿಕೊಂಡೇ ಬೆಳೆದ ನಮಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕಾ?

ಈಗ ಇದರ ಇನ್ನೊಂದು ಮುಖ. ಮರ ಹೇಳಿದ್ದೆಲ್ಲ ವೇದವಾಕ್ಯ ಅಂತ ನಂಬೋದೂ ತಪ್ಪು, ಅದನ್ನು ಕಲಿಸಿದ್ದೂ ಅದೇ ಉತ್ತರದ ಕಾಡಂಚು. ಇಪ್ಪತ್ತನೇ ಶತಮಾನದ ಮಧ್ಯಭಾಗದವರೆಗೆ ಅಲ್ಲಿನ ಥರ್ಮಾಮೀಟರ್ ಮತ್ತು ಉಂಗುರ ಜೊತೆಜೊತೆಯಾಗಿ ನಡೆದವು. ಆಮೇಲೆ ಭೂಮಿ ಬಿಸಿಯಾಗತೊಡಗಿತು, ಲೆಕ್ಕದ ಪ್ರಕಾರ ಉಂಗುರಗಳು ಇನ್ನೂ ಅಗಲ ಆಗಬೇಕಿತ್ತು. ಎಷ್ಟೋ ಕಡೆ ಆಗಲೇ ಇಲ್ಲ. ಜೇಕಬಿ (ಹೌದು, ಕೊಲರಾಡೊ ಲೆಕ್ಕದ ಅದೇ ಜೇಕಬಿ) ಮತ್ತು ರೋಸನ್ ಡಿ ಅರಿಗೊ 1995ರಲ್ಲಿ ಅಲಾಸ್ಕಾದ ಮರಗಳಲ್ಲಿ ಇದನ್ನು ತೋರಿಸಿದರು. 1998ರಲ್ಲಿ ಕೀತ್ ಬ್ರಿಫಾ ಮತ್ತು ಸಂಗಡಿಗರು ಉತ್ತರದ ಕಾಡುಗಳಲ್ಲಿ ಇದು ವ್ಯಾಪಕವಾಗಿದೆ ಅಂದರು. ಉಷ್ಣತೆಯ ಗೆರೆ ಮೇಲೆ, ಉಂಗುರದ ಗೆರೆ ಕೆಳಗೆ. ಕಾರಣ ಒಂದೇ ಅಲ್ಲ, ಚರ್ಚೆ ಇದೆ. ಆದರೆ ಅಲಾಸ್ಕಾದ ಒಳನಾಡಿನಲ್ಲಿ ಒಂದು ಕಾರಣ ಸ್ಪಷ್ಟವಾಗಿ ಸಿಕ್ಕಿತು. ಬಿಸಿ ಹೆಚ್ಚಾದಾಗ ಮರಕ್ಕೆ ನೀರು ಸಾಲದಾಯಿತು. 2000ನೇ ಇಸವಿಯಲ್ಲಿ ವ್ಯಾಲರಿ ಬಾರ್ಬರ್ ಮತ್ತು ಸಂಗಡಿಗರು ಅಲ್ಲಿನ ಬಿಳಿ ಸ್ಪ್ರೂಸ್‌ಗಳಲ್ಲಿ ಇದನ್ನು ತೋರಿಸಿದರು. ಅಂದರೆ ಥರ್ಮಾಮೀಟರ್ ಆಗಿದ್ದ ಮರ ಮೆಲ್ಲಗೆ ಮಳೆ ಮಾಪಕ ಆಗಿಬಿಟ್ಟಿತ್ತು. ಸೆನ್ಸರ್ ಅದೇ, ಅಳೆಯುತ್ತಿರೋದು ಬೇರೆ. ಇನ್‌ಸ್ಟ್ರುಮೆಂಟೇಶನ್ ಬ್ರಾಂಚಿನವರಿಗೆ ಈ ಸಂಕಟ ಕೂಡಲೇ ಅರ್ಥ ಆಗುತ್ತೆ, ಕ್ಯಾಲಿಬ್ರೇಶನ್ ಹಳೆಯದು ಅಂತ ಗೊತ್ತಾಗದೆ ರೀಡಿಂಗ್ ಬರೆದುಕೊಳ್ಳುತ್ತಾ ಕೂತ ಹಾಗೆ.

ಇನ್ನೂ ತಮಾಷೆ ಮುಂದಿದೆ. 2004ರಲ್ಲಿ ಮಾರ್ಟಿನ್ ವಿಲ್ಮ್‌ಕಿಂಗ್ ಮತ್ತು ಸಂಗಡಿಗರು ಅಲಾಸ್ಕಾದ ಎರಡು ಪರ್ವತ ಸಾಲಿನ ಕಾಡಂಚಿನಲ್ಲಿ 1558 ಸ್ಪ್ರೂಸ್ ಮರಗಳನ್ನು ಓದಿದರು. ಜುಲೈ ಬಿಸಿಯಾದಷ್ಟೂ 40 ಪರ್ಸೆಂಟ್ ಮರಗಳು ಕಮ್ಮಿ ಬೆಳೆದವು, ವಸಂತ ಬೆಚ್ಚಗಿದ್ದಾಗ 36 ಪರ್ಸೆಂಟ್ ಹೆಚ್ಚು ಬೆಳೆದವು. ಒಂದೇ ಗುಡ್ಡ, ಒಂದೇ ಜಾತಿ, ಅಕ್ಕಪಕ್ಕದ ಮರಗಳು! ಎಲ್ಲದರ ಸರಾಸರಿ ತೆಗೆದಿದ್ದರೆ ಎರಡೂ ಒಂದಕ್ಕೊಂದು ಹೊಡೆದುಕೊಂಡು 'ಏನೂ ಆಗಿಲ್ಲ' ಅಂತ ಉತ್ತರ ಬರುತ್ತಿತ್ತು.

ನಮ್ಮ ಸಾಗವಾನಿಯೂ ಹೀಗೆ ಮಾಡಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಬಿಸಿ ಏರುತ್ತಾ ಹೋದರೆ, ಮೊದಲು ಮಳೆ ಮಾತ್ರ ಬರೆಯುತ್ತಿದ್ದ ಮರ ಇನ್ನೇನನ್ನೋ ಸೇರಿಸಿ ಬರೆಯಬಹುದು. ಅದಕ್ಕೇ ಬೇಗ ಶುರು ಮಾಡಬೇಕು, ಹೆಚ್ಚು ಮರ ಓದಬೇಕು. ಈಗ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಹತ್ತಿರದ ಮಾಪಕದ ಅಂಕಿಗೂ ಹತ್ತಿರದ ಮರದ ಉಂಗುರಕ್ಕೂ ತಾಳೆ ನೋಡೋ ಅವಕಾಶ ಹಿಂದಿನವರಿಗೆ ಇರಲಿಲ್ಲ.

ಸವಣೂರಿನ ದೊಡ್ಡ ಹುಣಸೆ ಮರಗಳ ಮಾತು ಬರದೇ ಈ ಭಾಗದ ಮರದ ಚರ್ಚೆ ಮುಗಿಯಲ್ಲ, ಹೇಳಿಬಿಡ್ತೀವಿ. ಹೆಸರಿಗೆ ಹುಣಸೆ, ಅವು ಆಫ್ರಿಕಾದ ಬಾವೊಬಾಬ್. ಮೂರರಲ್ಲಿ ಒಂದು ಈಚೆಗೊಂದು ಮಳೆಗಾಲದಲ್ಲಿ ಉರುಳಿ, ಕ್ರೇನ್ ತಂದು ಎತ್ತಿ ಮತ್ತೆ ನೆಟ್ಟಾಗ ನಾವೂ ಸ್ಟೇಟಸ್ ಹಾಕಿದ್ದೆವು. ವಯಸ್ಸು ಎಷ್ಟು ಅಂದರೆ ಒಬ್ಬರು ಸಾವಿರ ಅಂತಾರೆ, ಇನ್ನೊಬ್ಬರು ಎರಡು ಸಾವಿರ, ಮತ್ತೊಬ್ಬರು ಅದಕ್ಕೂ ಮೇಲೆ. ಬಾವೊಬಾಬ್ ಉಂಗುರ ನಂಬೋ ಹಾಗಿಲ್ಲ, ಎಷ್ಟೋ ಮರಗಳ ಒಳಗೆ ಪೊಳ್ಳು. ಅದಕ್ಕೆ ರೇಡಿಯೊ ಕಾರ್ಬನ್ ಬೇಕು. ರೊಮೇನಿಯಾದ ಆಡ್ರಿಯನ್ ಪತ್ರುತ್ ತಂಡ ಆಫ್ರಿಕಾದಲ್ಲಿ ಹಾಗೆ ಅಳೆದಿದೆ. ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9 ಹನ್ನೆರಡು ವರ್ಷಗಳೊಳಗೆ ಸತ್ತವು ಇಲ್ಲವೇ ಭಾಗಶಃ ಕುಸಿದವು ಅಂತ 2018ರಲ್ಲಿ ವರದಿ ಮಾಡಿದ್ದೂ ಅವರೇ. ನಮ್ಮ ಅಭಿಪ್ರಾಯ ಇಷ್ಟೇ. ಆ ಮರಗಳಿಗೆ ಕೈಮುಗಿಯೋದು ಸರಿ, ಕಟ್ಟೆ ಕಟ್ಟೋದೂ ಸರಿ. ಬಾಯಿಗೆ ಬಂದ ವಯಸ್ಸು ಹೇಳೋದು ಮಾತ್ರ ಅವಕ್ಕೆ ಮಾಡುವ ಗೌರವ ಅಲ್ಲ.

ಆದರೆ ದೊಡ್ಡ ಹುಣಸೆಗೆ ಕಾವಲಿಗೆ ಊರೇ ಇದೆ. ಸಾಗವಾನಿಗೆ ಯಾರಿದ್ದಾರೆ? ಬಂಕಾಪುರ, ಶಿಗ್ಗಾವಿ, ಸವಣೂರಿನ ಹಳೆ ಓಣಿಗಳಲ್ಲಿ ವಾಡೆಗಳು, ಮಣ್ಣಿನ ಮಾಳಿಗೆ ಮನೆಗಳು ಒಂದೊಂದಾಗಿ ಕೆಡವಿ ಆರ್‌ಸಿಸಿ ಆಗುತ್ತಿವೆ. ತಪ್ಪು ಅಂತ ಹೇಳಲ್ಲ, ಸೋರೋ ಮನೆಯಲ್ಲಿ ಯಾರು ಇರ್ತಾರೆ. ಆದರೆ ಆ ಮನೆಗಳ ತೊಲೆ, ಕಂಬ, ಜಂತಿ ನೂರು, ನೂರೈವತ್ತು ವರ್ಷದ ಹಿಂದೆ ಕಡಿದ ಸಾಗವಾನಿ ಆಗಿರಬಹುದು. ಕಡಿಯೋ ಮುಂಚೆ ಆ ಮರ ಇನ್ನೂ ನೂರು ವರ್ಷ ಬದುಕಿದ್ದಿರಬಹುದು. ಅವೆಲ್ಲ ಕಟ್ಟಿಗೆ ಅಡ್ಡೆಗೆ ಹೋಗಿ, ಸೀಳಿ, ಹೊಸ ಮನೆಯ ಬಾಗಿಲ ಚೌಕಟ್ಟು, ಸೋಫಾ ಆಗುತ್ತವೆ. ಉಳಿದ ತುಂಡು ಒಲೆಗೆ.

ಸತ್ತ ತೊಲೆಯಿಂದ ಏನು ಗೊತ್ತಾಗುತ್ತೆ, ಅದನ್ನು ಯಾವಾಗ ಕಡಿದರು ಅಂತಲೇ ಗೊತ್ತಿಲ್ಲವಲ್ಲ ಅಂತ ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ಸಸ್ಯಶಾಸ್ತ್ರಜ್ಞ ಅಲ್ಲ, ಖಗೋಳ ವಿಜ್ಞಾನಿ. ಎ. ಇ. ಡಗ್ಲಸ್ ಸೂರ್ಯನ ಕಲೆಗಳ ಲೆಕ್ಕ ಹುಡುಕುತ್ತಾ ಮರಕ್ಕೆ ಬಂದವನು. ಅಗಲ, ತೆಳು, ತೆಳು, ಅಗಲ ಅನ್ನೋ ಕ್ರಮ ಒಂದೇ ಪ್ರದೇಶದ ಮರಗಳಲ್ಲಿ ಒಂದೇ ಥರ ಇರುತ್ತೆ, ಬಾರ್‌ಕೋಡ್ ಇದ್ದ ಹಾಗೆ. ಬದುಕಿರುವ ಮರದ ಒಳಗಿನ ಉಂಗುರಗಳೂ ಹಳೆ ತೊಲೆಯ ಹೊರಗಿನ ಉಂಗುರಗಳೂ ಕೂಡಿದರೆ ತೊಲೆಗೆ ಇಸವಿ ಸಿಗುತ್ತೆ. ಅಲ್ಲಿಂದ ಇನ್ನೂ ಹಳೆಯ ತೊಲೆಗೆ ಹೋಗಬಹುದು. 1929ರಲ್ಲಿ ಅರಿಜೋನಾದ ಶೋ ಲೋ ಅನ್ನೋ ಊರಲ್ಲಿ ಸಿಕ್ಕ ಸುಟ್ಟು ಕರಕಲಾದ ಒಂದು ತೊಲೆ, ಅದುವರೆಗೆ ಇಸವಿ ಇಲ್ಲದೆ ತೇಲುತ್ತಿದ್ದ ಹಳೆಯ ಸರಣಿಯನ್ನು ಇವತ್ತಿನ ಮರಗಳಿಗೆ ಜೋಡಿಸಿತು. ಒಂದೇ ದಿನದಲ್ಲಿ ಎಷ್ಟೋ ಪಾಳು ಊರುಗಳಿಗೆ ಕಾಲ ಸಿಕ್ಕಿತು. ಅಂಥ ತೊಲೆ ನಮ್ಮ ಯಾವ ಓಣಿಯಲ್ಲಿ ಇವತ್ತು ಒಲೆಗೆ ಹೋಯಿತೋ.

'ಇದೆಲ್ಲ ಅರಣ್ಯ ಇಲಾಖೆ ಕೆಲಸ, ಸಂಶೋಧನಾ ಸಂಸ್ಥೆ ಕೆಲಸ, ನಮಗ್ಯಾಕೆ' ಅಂತ ಹಾಸ್ಟೆಲ್‌ನಲ್ಲಿ ಆಗಲೇ ಒಬ್ಬರು ಕೇಳಿದ್ದಾಯಿತು. ಬದುಕಿರುವ ಮರಕ್ಕೆ ಕೊರೆಯೋದು ಖಂಡಿತ ಅವರ ಕೆಲಸ, ಅನುಮತಿ ಇಲ್ಲದೆ ಯಾರೂ ಕೈ ಹಾಕಬಾರದು. ಆದರೆ ಕೆಡವಿದ ಮನೆಯ ತೊಲೆಯ ಒಂದು ತುಂಡು ಎತ್ತಿಡೋಕೆ ಸಂಸ್ಥೆ ಬೇಕಾಗಿಲ್ಲ. ನಮ್ಮ ಹತ್ತಿರ ಫ್ಲ್ಯಾಟ್‌ಬೆಡ್ ಸ್ಕ್ಯಾನರ್ ಇದೆ, ವರ್ಕ್‌ಶಾಪ್‌ನಲ್ಲಿ ಉಜ್ಜೋ ಕಾಗದ ಇದೆ. ಇಮೇಜ್ ಪ್ರೊಸೆಸಿಂಗ್ ಮಿನಿ ಪ್ರಾಜೆಕ್ಟ್ ಅಂತ ವರ್ಷವೂ ಅದೇ ನಂಬರ್ ಪ್ಲೇಟ್ ಗುರುತಿಸೋ ಕೋಡನ್ನು ಸೀನಿಯರ್‌ಗಳಿಂದ ಇಸ್ಕೊಂಡು ಸಬ್ಮಿಟ್ ಮಾಡ್ತೀವಲ್ಲ, ಅದರ ಬದಲು ಉಂಗುರ ಎಣಿಸೋ ಕೋಡ್ ಬರೆಯಬಹುದು. ಎರಡು ತುಂಡುಗಳ ಸರಣಿ ತಾಳೆ ಹಾಕೋದು ಅಂದರೆ ನಾವು ಮೂರನೇ ಸೆಮಿಸ್ಟರ್‌ನಲ್ಲಿ ಓದಿದ ಕೋರಿಲೇಶನ್, ಅದಕ್ಕಿಂತ ಹೆಚ್ಚೇನೂ ಅಲ್ಲ.

ಅದಕ್ಕೇ ಕನ್ನಡ ಬಳಗದ ಮೂಲಕ ಎಲ್ಲ ಬ್ರಾಂಚಿನವರಿಗೆ ಕೇಳ್ತಾ ಇದ್ದೀವಿ. ದಸರಾ ರಜೆಗೆ ಊರಿಗೆ ಹೋದಾಗ ನಿಮ್ಮ ಓಣಿಯಲ್ಲಿ ಹಳೆ ಮನೆ ಕೆಡವುತ್ತಿದ್ದರೆ ಮಾಲೀಕರನ್ನು ಕೇಳಿ, 'ಕಾಕಾ, ತೊಲಿದು ಒಂದು ತುಂಡು ಕೊಡ್ರಿ' ಅಂತ. ಉದ್ದ ಬೇಡ, ಎರಡು ಬೆರಳು ದಪ್ಪದ ಅಡ್ಡ ಕೊಯ್ತ ಸಾಕು. ನಡುವಿನ ತಿರುಳಿನಿಂದ ಹೊರಗಿನ ಬಿಳಿ ಭಾಗದವರೆಗೆ ಪೂರ್ತಿ ಇರಬೇಕು, ಹೊರಗಿನ ಭಾಗ ಕೆತ್ತಿ ಹೋಗಿದ್ದರೆ ಕಡಿದ ವರ್ಷ ಸಿಗಲ್ಲ. ಪಾಲಿಶ್, ವಾರ್ನಿಶ್ ಮಾಡಬೇಡಿ. ಹಿಂದೆ ಪೆನ್ಸಿಲ್‌ನಲ್ಲಿ ಊರು, ಮನೆ ಕಟ್ಟಿದ ಸುಮಾರು ಇಸವಿ, ಕಟ್ಟಿಗೆ ಎಲ್ಲಿಂದ ತಂದಿದ್ದರು ಅಂತ ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಬರೆಯಿರಿ. ಈ ಕಡೆಯದ್ದು ಹಾನಗಲ್ ಕಾಡಿನದೋ ಮುಂಡಗೋಡದ್ದೋ ಅನ್ನೋದು ನಮಗೆ ಮರದ ವಯಸ್ಸಿನಷ್ಟೇ ಮುಖ್ಯ.